ಸಹಾಯ ಬೇಕು: ನಡೆಯಲು ಬಾರದ 5 ಕೂಸುಗಳನ್ನು ಕೆಳಗಿಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ವಸಂತನರಸಾಪುರದ ಹತ್ತಿರ ಪುಟ್ಟ ಶಿಶುಪಾಲನಾ ಕೇಂದ್ರ ನಡೆಸುತ್ತಿದ್ದೇನೆ. 14 ಮಕ್ಕಳು, ನೋಡಿಕೊಳ್ಳಲು ನಾನು ಮತ್ತು ಒಬ್ಬರು ಆಯಾ. ಇರುವುದು ಮೊದಲ ಮಹಡಿಯಲ್ಲಿ, ಮೆಟ್ಟಿಲು ಒಂದೇ.

ಹೋದ ವಾರ ಕೆಳಗಿನ ಅಂಗಡಿಯಲ್ಲಿ ವೈರ್ ಸುಟ್ಟು ಹೊಗೆ ಮೇಲೆ ಬಂತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಬೆಂಕಿ ನಂದಿಸುವ ಸಿಲಿಂಡರ್ ತಂದೆ. 112, 108, 1098 ನಂಬರ್‌ಗಳನ್ನು ಗೋಡೆಗೆ ಅಂಟಿಸಿದೆ. ಎರಡು ಸಲ ಅಭ್ಯಾಸವನ್ನೂ ಮಾಡಿದೆವು. ದೊಡ್ಡ ಮಕ್ಕಳು ಹಗ್ಗದ ಗಂಟು ಹಿಡಿದು ಸಾಲಾಗಿ ಇಳಿಯುತ್ತಾರೆ. ಪಾಪ, ಹೇಳಿದ ಹಾಗೆ ಕೇಳುತ್ತಾರೆ.

ತೊಡಕಿರುವುದು ಕೂಸುಗಳದ್ದು. ನಾವಿಬ್ಬರೂ ಎರಡೆರಡು ಎತ್ತಿಕೊಂಡರೂ ಒಂದು ಮೇಲೆಯೇ ಉಳಿಯುತ್ತದೆ. ಕೈ ತುಂಬಿದ ಮೇಲೆ ಹಗ್ಗ ಹಿಡಿಯುವವರು ಯಾರು? ಮತ್ತೆ ಮೇಲೆ ಹತ್ತಿದರೆ ಕೆಳಗಿನ ಮಕ್ಕಳನ್ನು ಯಾರು ನೋಡಬೇಕು? ಗಾಲಿ ತೊಟ್ಟಿಲು ತಗೊಳ್ಳಿ ಅಂತ ಒಬ್ಬರು ಹೇಳಿದರು. ಮೆಟ್ಟಿಲ ಮೇಲೆ ಅದು ಉಪಯೋಗಕ್ಕೆ ಬರುವುದಿಲ್ಲ ಅಲ್ವಾ? ತಾಯಂದಿರನ್ನು ಕರೆಯೋಣ ಎಂದರೆ ಫ್ಯಾಕ್ಟರಿ ಒಳಗೆ ಅವರ ಹತ್ತಿರ ಫೋನ್ ಇರುವುದಿಲ್ಲ.

ಕೂಸನ್ನು ಸೀರೆಯಲ್ಲಿ ಮೈಗೆ ಕಟ್ಟಿಕೊಂಡು ಮೆಟ್ಟಿಲು ಇಳಿಯುವುದು ಸುರಕ್ಷಿತವೇ? ಅಥವಾ ನೆಲಮಹಡಿಗೆ ಜಾಗ ಬದಲಿಸುವುದೊಂದೇ ದಾರಿಯೇ? ಇಂಥ ಕೇಂದ್ರ ನಡೆಸಿದ ಅನುಭವ ಇರುವವರು ದಯವಿಟ್ಟು ಹೇಳಿ.