ಲಡಾಖಿನ ಓತಿಯ ಬಗ್ಗೆ ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ಶಿವಮೊಗ್ಗ ಭಾವ: (ಫಾರ್ವರ್ಡ್ ಚಿತ್ರ) “ನಮ್ಮ ಲಡಾಖಿನ ಈ ಗೋಸುಂಬೆ ಜಗತ್ತಿನಲ್ಲೇ ಅತಿ ಎತ್ತರದಲ್ಲಿ ಬದುಕುವ ಸರೀಸೃಪ. ಹಿಮದ ನಡುವೆ ಮೊಟ್ಟೆಯಿಟ್ಟು ಕಾವು ಕೂರುತ್ತದೆ. ಹೆಮ್ಮೆಯಿಂದ ಹಂಚಿ!”

ದೊಡ್ಡಪ್ಪ: ಅಳಿಯಂದಿರೇ, ಹಂಚುವ ಮೊದಲು ಚಿತ್ರವನ್ನಾದರೂ ದೊಡ್ಡದು ಮಾಡಿ ನೋಡಬಾರದಿತ್ತೆ? ಗೋಸುಂಬೆಯ ಬೆರಳುಗಳು ಇಕ್ಕಳದಂತೆ ಎರಡು ಕವಲಾಗಿ ಕೊಂಬೆಯನ್ನು ಹಿಡಿಯುತ್ತವೆ. ಇದರ ಬೆರಳುಗಳು ಬಿಡಿಬಿಡಿಯಾಗಿವೆ. ಇದು ನಮ್ಮ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನ ಬಳಗಕ್ಕೆ ಸೇರಿದ, ವಿಜ್ಞಾನಿಗಳು ಫ್ರೈನೋಸೆಫಾಲಸ್ ಥಿಯೋಬಾಲ್ಡಿ ಎಂದು ಕರೆಯುವ ಓತಿ.

ಶಿವಮೊಗ್ಗ ಭಾವ: ಹೆಸರು ಯಾವುದಾದರೇನು ಮಾವನವರೇ, ದಾಖಲೆ ನಮ್ಮ ದೇಶದ್ದೇ ಅಲ್ಲವೇ?

ದೊಡ್ಡಪ್ಪ: ಅದೂ ಅಲ್ಲ. ಆ ಪಟ್ಟ 5,300 ಮೀಟರ್ ಲೆಕ್ಕದ ಮೇಲೆ ಟಿಬೆಟಿನಲ್ಲಿರುವ ಇದೇ ಕುಲದ ಇನ್ನೊಂದು ಓತಿಗೆ ಸಲ್ಲುತ್ತಿತ್ತು. 2020ರ ಅಕ್ಟೋಬರಿನಲ್ಲಿ ಪೆರು ದೇಶದ ಚಚಾನಿ ಪರ್ವತವನ್ನು ಹತ್ತಿದ ಸಂಶೋಧಕರಿಗೆ 5,400 ಮೀಟರ್ ಎತ್ತರದಲ್ಲಿ ಲಿಯೋಲೀಮಸ್ ಟಾಕ್ನೆ ಎಂಬ ಹಲ್ಲಿ ಕಂಡಿತು. ಮರುವರ್ಷ ಅದರ ವರದಿಯೂ ಪ್ರಕಟವಾಯಿತು.

ಚಿಕ್ಕಮ್ಮ: ದಾಖಲೆ ಹಾಗಿರಲಿ, ನನಗೆ ಸರಿಬಾರದಿದ್ದದ್ದು ಮೊಟ್ಟೆಯ ಮಾತು. ನಾವು ಲಡಾಖಿಗೆ ಹೋಗಿದ್ದಾಗ ತ್ಸೋ ಕಾರ್ ಸರೋವರದ ಹತ್ತಿರ ಇಂಥದೇ ಒಂದು ಓತಿ ಮೈಯನ್ನು ರೊಟ್ಟಿಯಂತೆ ಚಪ್ಪಟೆ ಮಾಡಿಕೊಂಡು ಬಿಸಿಕಲ್ಲಿಗೆ ಅಂಟಿಕೊಂಡಿತ್ತು. ನನ್ನ ನೆರಳು ಬಿದ್ದದ್ದೇ ತಡ, ಬಾಲದ ತುದಿಯನ್ನು ಸುರುಳಿ ಸುತ್ತಿ, ಮರಳಿನ ಬಿಲದೊಳಗೆ ನುಗ್ಗಿತು. ಅದರ ಹೊಟ್ಟೆ ಎರಡೂ ಪಕ್ಕ ಉಬ್ಬಿತ್ತು; ಇದು ಮರಿ ಹಾಕುವ ಜಾತಿಯೆಂದು ಜೊತೆಗಿದ್ದ ಮಾರ್ಗದರ್ಶಿ ಹೇಳಿದ್ದರು.

ದೊಡ್ಡಪ್ಪ: ಸರಿಯಾಗಿ ಹೇಳಿದ್ದಾರೆ. ಆ ತಣ್ಣನೆಯ ಮಣ್ಣಿನಲ್ಲಿ ಹೂತಿಟ್ಟ ಮೊಟ್ಟೆ ಬಲಿಯಲು ಶಾಖ ಸಾಲದು. ತಾಯಿಯಾದರೋ ಮರಿಗಳನ್ನು ಹೊಟ್ಟೆಯಲ್ಲೇ ಹೊತ್ತು, ಬಿಸಿಲು ಸರಿದಂತೆ ತಾನೂ ಸರಿಯುತ್ತಾ ಮೈ ಕಾಯಿಸಿಕೊಂಡು, ರಾತ್ರಿಯ ಚಳಿಗೆ ಬಿಲ ಸೇರುತ್ತದೆ. ಕಾವು ಕೂರುವುದು ಕೋಳಿಗೆ, ಬೇಕಿದ್ದರೆ ಹೆಬ್ಬಾವಿಗೆ ಸೇರಿದ ಕೆಲಸ. ಬರೆದವರು ದಾಖಲೆಯ ಹಿಂದೆ ಬಿದ್ದು, ನಿಜವಾಗಿ ಬೆರಗುಪಡಬೇಕಾದ ಸಂಗತಿಯನ್ನೇ ತಿರುಚಿಬಿಟ್ಟಿದ್ದಾರೆ.

ಶಿವಮೊಗ್ಗ ಭಾವ: ಒಪ್ಪಿದೆ ಮಾವನವರೇ. ಆದರೆ ಇದನ್ನು ನಿನ್ನೆಯೇ ಆಫೀಸಿನ ಗುಂಪಿಗೂ ಕಳುಹಿಸಿದ್ದೆ, ಅಲ್ಲಿ ಆಗಲೇ ಹನ್ನೊಂದು ಹೆಬ್ಬೆರಳು ಬಿದ್ದಿವೆ.

ಚಿಕ್ಕಮ್ಮ: ನಾನು ತೆಗೆದ ಚಿತ್ರವನ್ನು ಕಳುಹಿಸುತ್ತೇನೆ, ಅದರ ಕೆಳಗೆ ನಿಮ್ಮ ಮಾವನವರ ಮಾತನ್ನು ಸೇರಿಸಿ ಅಲ್ಲಿಗೂ ಹಾಕಿ.

ದೊಡ್ಡಪ್ಪ: ಹಾಕುವಾಗ “ಹೆಮ್ಮೆಯಿಂದ ಹಂಚಿ” ಎಂಬುದೊಂದನ್ನು ಬಿಟ್ಟುಬಿಡಿ.