ಕಾಫಿ ಪುಡಿ ಯೂನಿಟ್‌ನಲ್ಲಿ ಸಂಬಳ ಜಾಸ್ತಿ ಕೇಳೋಕೆ ಯಾವ ಲೆಕ್ಕ ಇಡಬೇಕು?

ಹುರಿಬೀಜ, ಚಿಕ್ಕಮಗಳೂರು:
ಕಾಫಿ ಪುಡಿ ಯೂನಿಟ್‌ನಲ್ಲಿ ಹುರಿಯೋ ವಿಭಾಗದ ಸೂಪರ್‌ವೈಸರ್ ನಾನು, ನಾಲ್ಕು ವರ್ಷ ಆಯ್ತು. ಒಟ್ಟು ಸಂಬಳ 19,500, ಅದರಲ್ಲಿ ಬೇಸಿಕ್ ಮತ್ತು ಡಿಎ 13,500. ಪಿಎಫ್, ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಎರಡೂ ಇವೆ. ಕಳೆದ ವರ್ಷದಿಂದ ಪ್ಯಾಕಿಂಗ್, ಲೇಬಲ್ ಕೆಲಸವೂ ಸೇರಿದೆ. 22,500 ಕೇಳಬೇಕು ಅಂತಿದೀನಿ. ಹುರಿದಾಗ ಆಗೋ ತೂಕದ ಇಳಿಕೆ ಶೇ. 18ರಿಂದ 16.5ಕ್ಕೆ ಬಂದಿದೆ. ಅದೊಂದನ್ನೇ ತೋರಿಸಿದರೆ ಸಾಕಾ? ಬಾಯಲ್ಲಿ ಕೇಳೋದಾ, ಪತ್ರ ಕೊಡೋದಾ?

ರೋಸ್ಟರ್ ಪಕ್ಕ:
ಆ ಒಂದೂವರೆ ಪರ್ಸೆಂಟನ್ನೇ ಮೊದಲು ಇಡಬೇಡಿ. ದಿನಕ್ಕೆ 300 ಕೆಜಿ ಹುರಿದರೆ 4.5 ಕೆಜಿ, 26 ದಿನಕ್ಕೆ 117 ಕೆಜಿ ಉಳೀತು ಅಂತ ಲೆಕ್ಕ ಬರುತ್ತೆ, ನಿಜ. ಆದರೆ ಕೆಲಸ ಗೊತ್ತಿರೋ ಓನರ್ "ಈ ಸಲ ಬೀಜ ಚೆನ್ನಾಗಿ ಒಣಗಿತ್ತು" ಅಂತ ಒಂದೇ ಮಾತಲ್ಲಿ ಕೆಡವ್ತಾರೆ. ಅದು ಸುಳ್ಳೂ ಅಲ್ಲ. ಶೇ. 12 ತೇವಾಂಶದ ಬೀಜಕ್ಕೂ 10.5ರದ್ದಕ್ಕೂ ಇರೋ ಅಂತರ ಹೆಚ್ಚುಕಮ್ಮಿ ಹಾಗೇ ತೂಕದಲ್ಲಿ ಕಾಣುತ್ತೆ. ಬಣ್ಣ ಒಂಚೂರು ತಿಳಿಯಾಗಿ ಇಳಿಸಿದರೂ ಇಳಿಕೆ ಕಮ್ಮಿಯಾಗುತ್ತೆ, ಆಗ ಗಿರಾಕಿಗೆ ಸಿಗೋ ರುಚಿಯೇ ಬೇರೆ. ಹಾಗಾಗಿ ಒಂದೇ ಥರದ ಬೀಜ, ಒಂದೇ ಬಣ್ಣದ ಬ್ಯಾಚ್‌ಗಳನ್ನು ಮಾತ್ರ ಹೋಲಿಸಿ, ಪಕ್ಕದಲ್ಲೇ ತೇವಾಂಶ ಮೀಟರ್ ರೀಡಿಂಗ್ ಬರೀರಿ. ಮೂರು ತಿಂಗಳದ್ದು ಸಾಕು.

ಇದಕ್ಕಿಂತ ಗಟ್ಟಿಯಾದ ಆಧಾರ ಅಂದ್ರೆ ಸೀದುಹೋದ ಬ್ಯಾಚ್ ಎಷ್ಟು, ವಾಪಸ್ ಬಂದ ಮಾಲು ಎಷ್ಟು, ಒಂದು ಗ್ಯಾಸ್ ಸಿಲಿಂಡರ್‌ಗೆ ಎಷ್ಟು ಕೆಜಿ ಹುರಿದ್ರಿ ಅನ್ನೋದು. ಲೇಬಲ್ ಕೆಲಸವನ್ನೂ ಬಿಡಬೇಡಿ. ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಮ್ಮಿ ಇರಬಾರದು, ಎರಡರ ಪ್ರಮಾಣವೂ ಪೊಟ್ಟಣದ ಮೇಲೆ ಇರಬೇಕು. ತಪ್ಪಿದರೆ ನೋಟಿಸ್ ಬರೋದು ಯೂನಿಟ್ ಹೆಸರಿಗೆ. ಅದನ್ನು ಈಗ ಕಾಯ್ತಿರೋರು ನೀವು.

ಲೆಕ್ಕದ ಮೇಜು, ಹಾಸನ:
22,500 ಅಂದ್ರೆ ಇಎಸ್‌ಐನ 21,000 ಸಂಬಳದ ಮಿತಿ ದಾಟ್ತೀರಿ, ಆಮೇಲೆ ಆ ಸೌಲಭ್ಯ ತಪ್ಪುತ್ತೆ. ಇದನ್ನು ನೋಡದೆ ಕೇಳೋಕೆ ಹೋಗಬೇಡಿ, ಮನೆಯವರ ಆಸ್ಪತ್ರೆ ಖರ್ಚಿನ ವಿಷಯ ಇದು.

ಓನರ್ ಕಡೆಯ ಲೆಕ್ಕ: ಏರಿಕೆ ಪೂರ್ತಿ ಬೇಸಿಕ್‌ಗೆ ಸೇರಿದರೆ ಅದು 16,500 ಆಗುತ್ತೆ. ಪಿಎಫ್ ಅನ್ನು ಬೇಸಿಕ್‌ನ 15,000ದವರೆಗೆ ಮಾತ್ರ ಲೆಕ್ಕ ಹಾಕಿದರೆ, ಇತರೆ ಶುಲ್ಕವೂ ಸೇರಿ ಅವರಿಗೆ ಹೆಚ್ಚಾಗೋದು 195. ಈಗ ನಿಮ್ಮ ಹೆಸರಲ್ಲಿ ಅವರು ಕಟ್ಟೋ ಇಎಸ್‌ಐ ಶೇ. 3.25, ಅಂದ್ರೆ 634, ಅದು ಉಳಿಯುತ್ತೆ. ಹಾಗಾಗಿ 3,000ದ ಏರಿಕೆಗೆ ಅವರ ಕೈಯಿಂದ ಹೋಗೋದು 2,561. ಇದನ್ನು ಬರೆದು ತೋರಿಸಿ. ಇಲ್ಲವೇ ಆ 634ನ್ನೇ ಕೇಳಿ, ವರ್ಷಕ್ಕೆ 7,608 ಆಗುತ್ತೆ, ಅದನ್ನು ಕುಟುಂಬದ ಆರೋಗ್ಯ ವಿಮೆಗೆ ಕಟ್ಟಿಸಿಕೊಳ್ಳಿ. ನನ್ನ ಮತ ಎರಡನೆಯದಕ್ಕೆ.

ಏರಿಕೆ ಬೇಸಿಕ್‌ನಲ್ಲೇ ಬರಲಿ. ಐದು ವರ್ಷ ತುಂಬಿದ ಮೇಲೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗೋ ಇಡಿಗಂಟು) ಲೆಕ್ಕ ಅದರ ಮೇಲೆಯೇ: 3,000 × 15 ÷ 26, ಸೇವೆಯ ಪ್ರತಿ ವರ್ಷಕ್ಕೂ ಸುಮಾರು 1,730 ಜಾಸ್ತಿ.

ಮೂಡಿಗೆರೆ ರಸ್ತೆ:
ಪತ್ರ ಒಂದೇ ಪುಟ ಇರಲಿ. ಆದರೆ ಮೊದಲೇ ಕೈಗೆ ಕೊಡಬೇಡಿ. "ಅರ್ಧ ಗಂಟೆ ಕೂತು ಮಾತಾಡಬೇಕಿತ್ತು ಸಾರ್" ಅಂತ ಎರಡು ದಿನ ಮುಂಚೆ ಕೇಳಿ, ಮಾತು ಮುಗಿದ ಮೇಲೆ ಕೊಡಿ. ಬೀಜದ ಖರೀದಿ ಜೋರಿರೋ ಜನವರಿಯಿಂದ ಮಾರ್ಚ್‌ವರೆಗೆ ಬೇಡ, ಆಗ ದುಡ್ಡೆಲ್ಲ ಗೋಡೌನ್‌ನಲ್ಲಿರುತ್ತೆ. ಬಾಡಿಗೆ, ಮಕ್ಕಳ ಫೀಸು ಎತ್ತಬೇಡಿ. ಬೇರೆ ಕಡೆ ಕರೀತಿದಾರೆ ಅಂತ ಸುಳ್ಳು ಹೇಳಲೇಬೇಡಿ, ಈ ಊರಲ್ಲಿ ಒಂದು ಫೋನ್‌ಗೆ ಗೊತ್ತಾಗುತ್ತೆ. ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಏರುತ್ತೆ. ಅದನ್ನೇ "ಜಾಸ್ತಿ ಮಾಡಿದ್ವಲ್ಲ" ಅಂತ ತೋರಿಸಿದರೆ ಒಪ್ಪಬೇಡಿ, ಕಾನೂನು ಪ್ರಕಾರ ಬರೋದು ಬೇರೆ, ಕೆಲಸ ನೋಡಿ ಕೊಡೋದು ಬೇರೆ. "ಆಮೇಲೆ ನೋಡೋಣ" ಅಂದ್ರೆ ತಾರೀಕು ಕೇಳಿ, ಆ ದಿನವೇ ಮೆಸೇಜ್ ಹಾಕಿಡಿ.

ಹುರಿಬೀಜ, ಚಿಕ್ಕಮಗಳೂರು:
ಹಾಗಾದ್ರೆ ಏಪ್ರಿಲ್‌ನಲ್ಲಿ ಮಾತಾಡ್ತೀನಿ. ಏರಿಕೆ ಯಾವ ತಿಂಗಳಿಂದ ಅಂತ ಕೇಳಲಿ? ಏಪ್ರಿಲ್ಲಾ, ಮೇ?

ಲೆಕ್ಕದ ಮೇಜು, ಹಾಸನ:
ಮನೆಯಲ್ಲಿ ಹೆರಿಗೆ, ಆಪರೇಷನ್ ಏನಾದ್ರೂ ಇದ್ದರೆ ಮೇ. ಇಎಸ್‌ಐ ವಂತಿಗೆ ಅವಧಿ, ಅಂದ್ರೆ ಹಣ ಕಟ್ಟೋ ಅವಧಿ, ಏಪ್ರಿಲ್‌ನಿಂದ ಸೆಪ್ಟೆಂಬರ್. ಅವಧಿ ಶುರುವಾದ ಮೇಲೆ ಸಂಬಳ ಮಿತಿ ದಾಟಿದರೆ ಸೆಪ್ಟೆಂಬರ್‌ವರೆಗೂ ಕಡಿತ ಮುಂದುವರಿಯುತ್ತೆ, ಸೌಲಭ್ಯ ಮುಂದಿನ ಜೂನ್‌ವರೆಗೆ ಸಿಗುತ್ತೆ. ಏಪ್ರಿಲ್ 1ರಿಂದಲೇ ಏರಿದರೆ ಡಿಸೆಂಬರ್‌ಗೇ ಮುಗೀತು. ಆದರೆ ಮೇ ಆರಿಸಿಕೊಂಡ್ರೆ ಸೆಪ್ಟೆಂಬರ್‌ವರೆಗೆ ಓನರ್ ತಿಂಗಳಿಗೆ 732 ಇಎಸ್‌ಐ ಕಟ್ಟಬೇಕು, ಮೇಲೆ ಹೇಳಿದ ಉಳಿತಾಯ ಅಕ್ಟೋಬರ್‌ನಿಂದ ಶುರು. ಪತ್ರದಲ್ಲಿ ಉಳಿತಾಯಕ್ಕೆ ಆ ಅಕ್ಟೋಬರನ್ನೇ ಹಾಕಿ.