ಐಸ್ ಹಾಕಿ ಆಡುವ ಅಳಿಯನಿಗೆ ‘ಸಾಕು ಮಾಡು’ ಅಂತ ಹೇಳಬೇಕಾ?

ಕೊಥ್ರೂಡ್‌ಮಾಮಾ:

ನಮಸ್ಕಾರ. ಮನೆಯ ವಿಷಯ, ಆದರೂ ಇಲ್ಲೇ ಕೇಳುತ್ತಿದ್ದೇನೆ. ನಾವು ಮೂಲ ಧಾರವಾಡದವರು, ಪುಣೆಗೆ ಬಂದು ಮೂವತ್ತು ವರ್ಷವಾಯಿತು. ಅಕ್ಕ ಕೆನಡಾದಲ್ಲಿದ್ದಾಳೆ. ಅವಳ ಮಗ ಅಲ್ಲೇ ಹುಟ್ಟಿ ಬೆಳೆದವನು, ಹೊಟ್ಟೆಪಾಡೇ ಐಸ್ ಹಾಕಿ. ವಯಸ್ಸು 28. ನಾಲ್ಕು ಸೀಸನ್‌ನಲ್ಲಿ ಐದು ತಂಡ ಆಯಿತು. ಆಡುವುದು ಇಸಿಎಚ್‌ಎಲ್ ಅನ್ನುವ ಲೀಗ್‌ನಲ್ಲಿ. ಎಲ್ಲಕ್ಕಿಂತ ಮೇಲಿನ ಲೀಗ್ ಎನ್‌ಎಚ್‌ಎಲ್ ಅಲ್ಲ, ಅದರ ಕೆಳಗಿನ ಎಎಚ್‌ಎಲ್ ಕೂಡ ಅಲ್ಲ, ಅದಕ್ಕೂ ಒಂದು ಮೆಟ್ಟಿಲು ಕೆಳಗೆ. ನಡುವೆ ಎರಡು ಸಲ ಮೇಲಿನ ಲೀಗ್‌ಗೆ ಕರೆಸಿಕೊಂಡರು, ಎರಡೂ ಸೇರಿ ಒಂಬತ್ತು ಪಂದ್ಯ ಆಡಿಸಿ ವಾಪಸ್ ಕಳಿಸಿದರು.

ಫೆಬ್ರವರಿಯಲ್ಲಿ ಒಂದು ದಿನ ಸ್ಟಿಕ್ಕಿಗೆ ಕಪ್ಪು ಟೇಪ್ ಸುತ್ತುತ್ತಾ ಅವ್ವನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಿದ್ದ. ಕೋಚ್ ಕರೆದರು ಅಂತ ಫೋನ್ ಇಟ್ಟ. ಎರಡು ತಾಸಿನ ಮೇಲೆ ನನಗೆ ಮೆಸೇಜ್, ‘ಮಾಮಾ, ಟ್ರೇಡ್ ಆಯ್ತು.’ ಅಂದರೆ ತಂಡದವರು ಅವನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಅವನ ಬದಲಿಗೆ ಹಳೇ ತಂಡಕ್ಕೆ ಸಿಕ್ಕಿದ್ದು ಇನ್ನೊಬ್ಬ ಆಟಗಾರನೂ ಅಲ್ಲ, ‘ಫ್ಯೂಚರ್ ಕನ್ಸಿಡರೇಶನ್ಸ್’ ಅಂತೆ. ಅಂದರೆ ಮುಂದೆ ಯಾವಾಗಲಾದರೂ ಏನಾದರೂ ಕೊಡುತ್ತೇವೆ ಅನ್ನುವ ಮಾತು, ಅಷ್ಟೇ. ಅವತ್ತೇ ರಾತ್ರಿ ಎರಡು ಬ್ಯಾಗು, ಒಂದು ಕುಕ್ಕರ್ ಕಾರಿಗೆ ಹಾಕಿಕೊಂಡು ಹನ್ನೊಂದು ತಾಸು ಗಾಡಿ ಓಡಿಸಿದ. ಅವ್ವ ಕಳಿಸಿದ್ದ ಶೇಂಗಾ ಚಟ್ನಿಪುಡಿ ಡಬ್ಬಿ ಹಳೇ ರೂಮಿನಲ್ಲೇ ಉಳಿಯಿತು.

ಜೂನ್‌ನಲ್ಲಿ ಪುಣೆಗೆ ಬರುತ್ತಾನೆ. ‘ನಿನ್ನ ಮಾತು ಕೇಳ್ತಾನೆ, ಸಾಕು ಮಾಡು ಅಂತ ನೀನೇ ಹೇಳು’ ಅಂತ ಅಕ್ಕ ದಿನಾ ಫೋನ್ ಮಾಡುತ್ತಾಳೆ. ಗೊತ್ತಿಲ್ಲದ ಕೆಲಸದ ಬಗ್ಗೆ ಸುಮ್ನೆ ಬುದ್ಧಿ ಹೇಳೋಕೆ ನನಗೆ ಮನಸ್ಸಿಲ್ಲ. ತಿಳಿದವರು ಹೇಳಿ.

ಬಾಣೇರ್‌ಬಳಗ:

ಸರ್, ನಾನು ಹನ್ನೆರಡು ವರ್ಷ ಕೆನಡಾದಲ್ಲಿದ್ದು ಬಂದವನು, ಅಲ್ಲಿ ಚಳಿಗಾಲದಲ್ಲಿ ಹಾಕಿ ಬಿಟ್ಟರೆ ಬೇರೆ ಮಾತೇ ಇಲ್ಲ. ಮೊದಲು ಲೆಕ್ಕ ನೋಡಿ. ಎನ್‌ಎಚ್‌ಎಲ್‌ನಲ್ಲಿ 32 ತಂಡ, ಒಂದೊಂದರಲ್ಲಿ ಜಾಸ್ತಿ ಅಂದರೆ 23 ಜನ. ಇಡೀ ಜಗತ್ತಿನಿಂದ ಬರುವವರಿಗೆ ಅಲ್ಲಿರುವ ಜಾಗ ಏಳುನೂರ ಚಿಲ್ಲರೆ ಮಾತ್ರ. ನಿಮ್ಮ ಅಳಿಯ ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿದ್ದಾನೆ ಅಂದರೂ ಅವನ ಜೊತೆ ಚಿಕ್ಕಂದಿನಲ್ಲಿ ಆಡಿದ ಹುಡುಗರಲ್ಲಿ ಹೆಚ್ಚಿನವರು ಅಲ್ಲಿಗೂ ತಲುಪಿರುವುದಿಲ್ಲ.

ಊರೂರು ತಿರುಗೋದು ಸೋಲು ಅಂತ ಅಕ್ಕನವರು ತಿಳಿದಿದ್ದರೆ ಅದು ತಪ್ಪು. ಮೈಕ್ ಸಿಲ್ಲಿಂಜರ್ ಅಂತ ಒಬ್ಬರಿದ್ದರು. 1989ರಲ್ಲಿ ಡೆಟ್ರಾಯಿಟ್ ತಂಡ ಆರಿಸಿಕೊಂಡಿತು, ಆಮೇಲೆ ಒಂಬತ್ತು ಸಲ ಟ್ರೇಡ್ ಆದರು, ಎನ್‌ಎಚ್‌ಎಲ್‌ನ 12 ತಂಡಗಳಿಗೆ ಆಡಿದರು. ಒಟ್ಟು 1049 ಪಂದ್ಯ! ಬೇಡದವನನ್ನು ಹನ್ನೆರಡು ತಂಡದವರು ಕರೆಯುವುದಿಲ್ಲ. ಎಲ್ಲರಿಗೂ ಬೇಕಾದವನೇ, ಆದರೆ ಯಾರಿಗೂ ಅವನಿಲ್ಲದೆ ನಡೆಯದು ಅಂತ ಇರುವುದಿಲ್ಲ. ಇಂಥ ಆಟಗಾರನ ಬದುಕು ಅದು.

ಇನ್ನು ಕಷ್ಟದ ಮಾತು. ಇಸಿಎಚ್‌ಎಲ್‌ನಿಂದ ಮೇಲೆ ಹೋದವರಿದ್ದಾರೆ. 2012ರಲ್ಲಿ ಲಾಸ್ ಏಂಜಲಿಸ್ ತಂಡಕ್ಕೆ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದುಕೊಟ್ಟ ಗೋಲ್‌ಕೀಪರ್ ಜೊನಾಥನ್ ಕ್ವಿಕ್ ಕೂಡ ಅಲ್ಲಿ ಆಡಿದವರೇ. ಆದರೆ ಅವರು ಅಲ್ಲಿದ್ದದ್ದು ಇಪ್ಪತ್ತೆರಡರ ಆಸುಪಾಸಿನಲ್ಲಿ. 28ಕ್ಕೆ ಆ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದೆ, ನಿಮ್ಮ ಅಳಿಯನಿಗೂ ಇದು ಗೊತ್ತಿರುತ್ತದೆ. ಅವನನ್ನು ಕೇಳಬೇಕಾದದ್ದು ಒಂದೇ, ಇಲ್ಲಿಯವರೆಗೆ ಎಷ್ಟು ವೃತ್ತಿಪರ ಪಂದ್ಯ ಆಡಿದ್ದಾನೆ? ಆ ಲೀಗ್‌ನಲ್ಲಿ 260 ಪಂದ್ಯ ಆದವನನ್ನು ‘ವೆಟರನ್’ ಅಂತಾರೆ, ಒಂದು ತಂಡದಲ್ಲಿ ಅಂಥವರು ನಾಲ್ಕಕ್ಕಿಂತ ಹೆಚ್ಚು ಜನ ಇರುವಂತಿಲ್ಲ. ಗೋಲ್‌ಕೀಪರ್‌ಗಳಿಗೆ ಈ ಲೆಕ್ಕ ಇಲ್ಲ. ಹೊಸ ಹುಡುಗರಿಗೆ ಜಾಗ ಆಗಲಿ ಅಂತ ಮಾಡಿದ ನಿಯಮ. ಚೆನ್ನಾಗಿ ಆಡುತ್ತಿದ್ದರೂ ಆ ಗಡಿ ದಾಟಿದ ಮೇಲೆ ಜಾಗ ಸಿಗೋದು ಕಷ್ಟ.

ಆಗ ತುಂಬಾ ಜನ ಯುರೋಪಿಗೆ ಹೋಗುತ್ತಾರೆ. ಡಿಗ್ರಿ ಆಗಿದೆಯಾ? ಆಗಿದ್ದರೆ ಬ್ರಿಟನ್ನಿನ ಎಲೀಟ್ ಲೀಗ್ ನೋಡಲಿ. ಅಲ್ಲಿನ ಕೆಲವು ಕ್ಲಬ್‌ಗಳು ಊರಿನ ಯೂನಿವರ್ಸಿಟಿ ಜೊತೆ ಮಾತಾಡಿಕೊಂಡಿವೆ, ಹೊರಗಿಂದ ಬಂದ ಆಟಗಾರರು ಆಡುತ್ತಲೇ ಮಾಸ್ಟರ್ಸ್ ಓದಬಹುದು. ಇದನ್ನು ಅಕ್ಕನವರಿಗೂ ಹೇಳಿ.

ವಾಸ್ಕೊಹುಡುಗ:

ಹಾಕಿ ನನಗೆ ಗೊತ್ತಿಲ್ಲ ಸರ್, ಆದರೆ ಇಂಥ ಬದುಕು ಪಕ್ಕದ ಮನೆಯಲ್ಲೇ ನೋಡಿದ್ದೇನೆ. ನಮ್ಮ ಅಪ್ಪ ಗದಗದಿಂದ ವಾಸ್ಕೊ ಬಂದರಿಗೆ ಕೆಲಸಕ್ಕೆ ಬಂದವರು. ನಮ್ಮ ಓಣಿಯ ಅಣ್ಣ ಒಬ್ಬ ಫುಟ್‌ಬಾಲ್ ಡಿಫೆಂಡರ್, ಒಂಬತ್ತು ವರ್ಷದಲ್ಲಿ ನಾಲ್ಕು ಕ್ಲಬ್ ಬದಲಿಸಿದ. 2016ರಲ್ಲಿ ಗೋವಾದ ಕ್ಲಬ್‌ಗಳಾದ ಡೆಂಪೊ, ಸಲಗಾಂವ್‌ಕರ್, ಸ್ಪೋರ್ಟಿಂಗ್ ಮೂರೂ ದೇಶಮಟ್ಟದ ಐ-ಲೀಗ್‌ನಿಂದ ಹೊರಗೆ ಬಂದವಲ್ಲ, ಆಗ ಗೋವಾದಲ್ಲಿ ಎಷ್ಟೋ ಆಟಗಾರರಿಗೆ ದಿಕ್ಕು ತೋಚಲಿಲ್ಲ. ಅವನಿಗಾಗ 29.

ಆರು ತಿಂಗಳು ಅವನ ಕಿಟ್ ಬ್ಯಾಗ್ ಬಾಗಿಲ ಹಿಂದಿನ ಮೊಳೆಗೇ ನೇತಾಡುತ್ತಿತ್ತು, ಅವರವ್ವ ತೆಗೆಯೋಕೆ ಬಿಡಲಿಲ್ಲ. ಎದುರಿಗೆ ಸಿಕ್ಕವರೆಲ್ಲ ‘ಮುಂದೇನು?’ ಅಂತಲೇ ಕೇಳುತ್ತಿದ್ದರು, ನಾನೂ ಕೇಳಿದ್ದೆ. ಅವನು ಹೊರಗೆ ಬರೋದನ್ನೇ ಬಿಟ್ಟ. ಕೊನೆಗೆ ಒಬ್ಬ ಹಳೇ ಕೋಚ್ ಮನೆಗೆ ಬಂದು ಕೂತು, ಯಾವುದೋ ಒಂದು ಪಂದ್ಯದಲ್ಲಿ ನೀನು ಯಾಕೆ ಅಷ್ಟು ಮುಂದೆ ನಿಂತಿದ್ದೆ ಅಂತ ಜಗಳ ತೆಗೆದರು. ಎರಡು ತಾಸು ಬರೀ ಆಟದ ಮಾತು. ಮರುದಿನ ಅವನು ಅವರ ಜೊತೆ ಮಕ್ಕಳ ಕೋಚಿಂಗ್‌ಗೆ ಹೋದ, ಈಗಲೂ ಅದೇ ಕೆಲಸ. ನೀವೂ ಮೊದಲು ಆಟದ ಬಗ್ಗೆ ಕೇಳಿ ಸರ್. ಅವನು ಫಾರ್ವರ್ಡಾ, ಡಿಫೆನ್ಸಾ ಅಂತ ನೀವು ಬರೆದೇ ಇಲ್ಲ ನೋಡಿ.

ಡೊಂಬಿವಲಿ_ಸುಮಾ:

ಅಣ್ಣ, ಎರಡು ವಿಷಯ. ಪಗಾರ ವಾರದ ಲೆಕ್ಕದಲ್ಲಿ, ಸೀಸನ್ ಇರೋವರೆಗೆ ಮಾತ್ರ ಅಲ್ವಾ? ಮನೆ ತಂಡದವರೇ ಕೊಡುತ್ತಾರೆ ಸರಿ, ಬೇಸಿಗೆಯಲ್ಲಿ ಏನು ಮಾಡುತ್ತಾನೆ ಕೇಳಿ. ಮತ್ತೆ ತಲೆಗೆ ಏಟು ಬಿದ್ದಿದೆಯಾ ಅಂತ ಕೇಳಿ. ಅಡ್ಡಸುತ್ತಿ ಅಲ್ಲ, ನೇರವಾಗಿ. ನನ್ನ ತಮ್ಮ ಕಬಡ್ಡಿ ಆಡುವಾಗ ಎರಡು ಸಲ ತಲೆ ಸುತ್ತಿ ಬಿದ್ದದ್ದನ್ನು ಮನೆಯಲ್ಲಿ ಹೇಳಿರಲಿಲ್ಲ, ತಂಡದಿಂದ ಕೈಬಿಡುತ್ತಾರೆ ಅನ್ನುವ ಹೆದರಿಕೆ. ಹಲ್ಲು ಹೋದರೆ ಕಟ್ಟಿಸಬಹುದು, ತಲೆಯ ಏಟು ಒಂದರ ಮೇಲೊಂದು ಬೀಳಬಾರದು. ಅಂಥದ್ದು ಆಗಿದ್ದರೆ ಮಾತ್ರ ‘ಸಾಕು’ ಅನ್ನಿ, ಇಲ್ಲದಿದ್ದರೆ ಬೇಡ.

ಕೊಥ್ರೂಡ್‌ಮಾಮಾ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಾಸ್ಕೊ ತಮ್ಮ ಹೇಳಿದ್ದು ನಾಟಿತು, ನಿಜವಾಗಿ ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಫೋನ್ ಮಾಡಿ ಕೇಳಿದೆ. ಡಿಫೆನ್ಸ್, ಎಡಗಡೆ. ಎದುರಾಳಿಯ ಹೊಡೆತಕ್ಕೆ ಅಡ್ಡ ಮಲಗಿ ಪಕ್ (ಚೆಂಡಿನ ಬದಲು ಇರುವ ಗಟ್ಟಿ ರಬ್ಬರ್ ಬಿಲ್ಲೆ) ತಡೆಯೋದು ಅವನ ಕೆಲಸ, ತಂಡದಲ್ಲಿ ಒಬ್ಬನಿಗೆ ಪೆನಾಲ್ಟಿ ಆಗಿ ಗೋಲ್‌ಕೀಪರ್ ಬಿಟ್ಟು ನಾಲ್ಕೇ ಜನ ಉಳಿದಾಗ ಮೊದಲು ಇಳಿಸುವುದು ಇವನನ್ನೇ. ಒಂದು ಗಂಟೆ ಮಾತಾಡಿದ. ಇಷ್ಟು ವರ್ಷದಲ್ಲಿ ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದಿಲ್ಲ.

231 ಪಂದ್ಯ ಆಗಿದೆ. 260ರ ವಿಷಯ ಎತ್ತಿದ ಕೂಡಲೇ ‘ಮಾಮಾ, ನಿಮಗೆ ಯಾರು ಹೇಳಿದರು?’ ಅಂದ. ಅವನು ಲೆಕ್ಕ ಇಟ್ಟುಕೊಂಡೇ ಇದ್ದಾನೆ. ಡಿಗ್ರಿ ಆಗಿದೆ. ಜೂನಿಯರ್ ಲೀಗ್‌ನಲ್ಲಿ ಆಡಿದ ಒಂದೊಂದು ವರ್ಷಕ್ಕೆ ಒಂದೊಂದು ವರ್ಷದ ಕಾಲೇಜು ಫೀಸು ಸಿಕ್ಕಿತ್ತು, ಅದರಲ್ಲೇ ಓದಿದ. ಬ್ರಿಟನ್ನಿನ ಎರಡು ಕ್ಲಬ್‌ಗೆ ಆಗಲೇ ಮೇಲ್ ಹಾಕಿದ್ದಾನಂತೆ, ಅಕ್ಕನಿಗೆ ಹೇಳಿಲ್ಲ. ತಲೆಗೆ ಒಂದು ಸಲ ಏಟಾಗಿತ್ತು, ಮೂರು ವಾರ ಕೂರಿಸಿದ್ದರು, ಆಮೇಲೆ ಏನೂ ಆಗಿಲ್ಲ ಅಂದ. ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಇನ್ನೊಮ್ಮೆ ಕೇಳುತ್ತೇನೆ. ಅಕ್ಕನಿಗೆ, ಇನ್ನೊಂದು ಸೀಸನ್ ಬಿಡು ಅಂತ ಹೇಳಿದ್ದೇನೆ. ಸಿಟ್ಟಿನಲ್ಲಿದ್ದಾಳೆ.

ಒಂದು ಸಹಾಯ ಬೇಕಿತ್ತು. ಇಲ್ಲಿ ಮೂರು ವಾರ ಇರುತ್ತಾನೆ. ಐಸ್ ಇಲ್ಲದಿದ್ದರೂ ಪರವಾಗಿಲ್ಲ, ಚಕ್ರದ ಇನ್‌ಲೈನ್ ಸ್ಕೇಟ್ಸ್ ತರುತ್ತಾನಂತೆ. ಕೊಥ್ರೂಡ್, ಕರ್ವೆನಗರ ಕಡೆ ನೆಲ ನುಣುಪಾಗಿರುವ ಸ್ಕೇಟಿಂಗ್ ರಿಂಕ್ ಯಾವುದು? ಜೂನ್ ಅಂದರೆ ಮಳೆ, ಮೇಲೆ ಸೂರು ಇದ್ದರೆ ಒಳ್ಳೆಯದು. ಬೆಳಗ್ಗೆ ಆರಕ್ಕೆ, ಮಕ್ಕಳ ಕ್ಲಾಸ್ ಶುರುವಾಗುವ ಮೊದಲು, ಒಂದು ತಾಸು ಒಳಗೆ ಬಿಡುವವರಿದ್ದರೆ ದಯವಿಟ್ಟು ತಿಳಿಸಿ.